ಸಾಮಾನಿನ ಮೇಲೆ ಎಷ್ಟು ಹಾಕಬೇಕು, ಗಿರಾಕಿಗೆ ಹೇಗೆ ಹೇಳಬೇಕು: ಒಬ್ಬ ವೈರಿಂಗ್ ಕೆಲಸದವನ ಲೆಕ್ಕ

ಶಿವಮೊಗ್ಗದ ಗೋಪಾಳ ಬಡಾವಣೆಯ ಒಂದು ಮನೆ. ರಿಟೈರ್ ಆದ ಮೇಷ್ಟ್ರು ಅಡುಗೆಮನೆ ಕಟ್ಟೆ ಮೇಲೆ ಎರಡು ಚೀಟಿ ಪಕ್ಕಪಕ್ಕ ಇಟ್ಟಿದ್ದರು. ಒಂದು ನಾನು ಬರೆದುಕೊಟ್ಟ ಲೆಕ್ಕ. ಇನ್ನೊಂದು ಅಂಗಡಿಯ ಬಿಲ್, ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು) ಡಬ್ಬದೊಳಗೆ ಮಡಚಿದ್ದು ಹಾಗೇ ಉಳಿದುಬಿಟ್ಟಿತ್ತು. ಎರಡೂವರೆ ಎಂಎಂ (ಚದರ ಮಿಲಿಮೀಟರ್) ದಪ್ಪದ ವೈರಿನ ಒಂದು ಸುರುಳಿ, ಅಂದರೆ ಒಂದು ಕಾಯಿಲ್‌ಗೆ ಅಂಗಡಿ ಬಿಲ್ಲಿನಲ್ಲಿ 2,050 ರೂಪಾಯಿ. ನನ್ನ ಚೀಟಿಯಲ್ಲಿ 2,350.

"ಇದರಲ್ಲಿ ಯಾವುದಪ್ಪಾ ಸರಿ?" ಅಂತ ಕೇಳಿದರು. ದನಿ ಏರಿಸಲಿಲ್ಲ. ಬೆರಳು ಮಾತ್ರ ಆ 2,350ರ ಮೇಲೆ ಇತ್ತು.

ನನಗೆ ಉತ್ತರ ಬರಲಿಲ್ಲ. ಆ ವೈರಿಗಾಗಿ ಮಳೆಯಲ್ಲಿ ಎರಡು ಸಲ ಗಾಂಧಿ ಬಜಾರಿಗೆ ಹೋಗಿ ಬಂದಿದ್ದೆ. ಅಂಗಡಿಯಲ್ಲಿ ನನ್ನ ಹೆಸರಲ್ಲೇ ಉದ್ರಿ ಬರೆಸಿದ್ದೆ. ಮುನ್ನೂರು ರೂಪಾಯಿ ಜಾಸ್ತಿ ತೆಗೆದುಕೊಂಡಿದ್ದು ಅನ್ಯಾಯ ಅಂತ ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಮೊದಲೇ ಹೇಳಿರಲಿಲ್ಲ. ಮೇಷ್ಟ್ರು ಪೂರ್ತಿ ದುಡ್ಡು ಕೊಟ್ಟರು. ಮುಂದಿನ ವರ್ಷ ಮೇಲಿನ ಮನೆ ಕಟ್ಟಿಸಿದಾಗ ಬೇರೆಯವರನ್ನು ಕರೆದರು.

ಇದು 2019ರ ಮಾತು. ಶಿವಮೊಗ್ಗದಲ್ಲಿ ನಾನು ವೈರಿಂಗ್ ಕೆಲಸ ಶುರು ಮಾಡಿ ಆಗಲೇ ಹತ್ತು ವರ್ಷ ದಾಟಿತ್ತು. ಅಲ್ಲಿಯವರೆಗೆ ಈ ವಿಷಯ ಕೂತು ಯೋಚನೆ ಮಾಡಿರಲಿಲ್ಲ. ಎಲ್ಲರೂ ಹಾಕುತ್ತಾರೆ, ನಾನೂ ಹಾಕುತ್ತಿದ್ದೆ. ಆಮೇಲೆ ಒಂದು ಪದ್ಧತಿ ಮಾಡಿಕೊಂಡೆ. ಎಲೆಕ್ಟ್ರಿಷಿಯನ್, ಪ್ಲಂಬರ್, ಪೇಂಟರ್, ಬಡಗಿ, ಟೈಲ್ಸ್ ಕೆಲಸದವರು ಯಾರಾದರೂ ಸರಿ, ಈ ಲೈನಿಗೆ ಹೊಸದಾಗಿ ಬಂದ ಹುಡುಗರಿಗೆ ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲನೆಯದು: ಸಾಮಾನಿನ ಮೇಲೆ ಹಣ ಸೇರಿಸಬೇಕಾ? ಸೇರಿಸಲೇಬೇಕು. ಯಾಕೆ ಅಂತ ತಿಳಿಯಬೇಕಾದರೆ ಒಂದು ಕೆಲಸದ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ನೋಡಿ. ನನ್ನದೇ ಒಂದು ಹೇಳುತ್ತೇನೆ. ಒಂದು ಅಡುಗೆಮನೆ, ಬಚ್ಚಲುಮನೆಯ ವೈರಿಂಗ್ ಬದಲಿಸುವ ಕೆಲಸ. ಅಂಗಡಿ ಬಿಲ್ 14,200 ಆಗಿತ್ತು. ನನ್ನ ದಿನದ ಕೂಲಿ 1,000 ಅಂತ ಇಟ್ಟುಕೊಳ್ಳಿ, ಎಂಟು ಗಂಟೆಗೆ. ಅಂದರೆ ಗಂಟೆಗೆ 125. ಸಾಮಾನಿಗೆ ಮೂರು ಸಲ ಅಂಗಡಿಗೆ ಹೋದೆ. ಹೋಗಿ, ಕೌಂಟರ್ ಮುಂದೆ ಕಾದು, ಬರುವುದಕ್ಕೆ ಒಟ್ಟು ನಾಲ್ಕು ಗಂಟೆ. ಅಲ್ಲಿಗೆ 500. ಪೆಟ್ರೋಲಿಗೆ 200. ಪೈಪು ಬೈಕಿನಲ್ಲಿ ತರೋಕೆ ಆಗಲ್ಲ, ಆಟೋಗೆ 250. ಬಿಲ್ಲಿನ ದುಡ್ಡು ನನ್ನ ಕೈಯಿಂದ ಹೋಗಿ ವಾಪಸ್ ಬರೋಕೆ ಒಂದೂವರೆ ತಿಂಗಳು ಹಿಡಿಯಿತು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಹಿಡಿದರೆ 426. ಸ್ಕ್ರೂ, ಟೇಪು, ಗೋಡೆಯಲ್ಲಿ ಸ್ಕ್ರೂ ಹಿಡಿಸುವ ಗಟ್ಟಿ, ಪೈಪು ಹಿಡಿಸುವ ಸ್ಯಾಡಲ್ ಅಂತ ನನ್ನ ಚೀಲದಿಂದಲೇ ಹೋದ, ಲೆಕ್ಕಕ್ಕೆ ಬರೆಯದ ಚಿಲ್ಲರೆ ಸಾಮಾನು 300. ಐದು ಕೆಲಸಕ್ಕೆ ಒಂದರಲ್ಲಾದರೂ ಏನೋ ಕೆಟ್ಟು ವಾಪಸ್ ಹೋಗಬೇಕಾಗುತ್ತದೆ. ಅದರ ಪಾಲು 150.

ಕೂಡಿಸಿ ನೋಡಿ. 1,826 ರೂಪಾಯಿ. 14,200ಕ್ಕೆ ನೂರಕ್ಕೆ ಹೆಚ್ಚುಕಡಿಮೆ 13.

ಅಂದರೆ ನಾನು ಅಂಗಡಿ ರೇಟಿಗೇ ಸಾಮಾನು ಕೊಟ್ಟಿದ್ದರೆ ಸುಮಾರು ಎರಡು ದಿನದ ಕೂಲಿ ಸುಮ್ನೆ ಹೋಗುತ್ತಿತ್ತು. ನೂರಕ್ಕೆ 15 ಸೇರಿಸಿದೆ, 2,130 ಬಂತು. ನಿಜವಾದ ಲಾಭ 304 ರೂಪಾಯಿ. "ಸಾಮಾನಿನಲ್ಲಿ ದುಡ್ಡು ಹೊಡೀತಾರೆ" ಅಂತ ಜನ ಅನ್ನುತ್ತಾರಲ್ಲ, ಹೊಡೆದಿದ್ದು ಇಷ್ಟು. ಈ ಲೆಕ್ಕವನ್ನು ನೀವು ನಿಮ್ಮ ಮೂರು ಕೆಲಸಕ್ಕೆ ಮಾಡಿ. ನಿಮ್ಮ ಊರು, ಅಂಗಡಿಯ ದೂರ, ಗಿರಾಕಿ ದುಡ್ಡು ಕೊಡುವ ರೀತಿ ನೋಡಿ ನಿಮ್ಮ ಸಂಖ್ಯೆ ಬೇರೆ ಬರುತ್ತದೆ. ತೀರ್ಥಹಳ್ಳಿ ಕಡೆ ಒಂಟಿ ಮನೆಗೆ ಕೆಲಸಕ್ಕೆ ಹೋದಾಗ ನನಗೆ 20 ದಾಟಿದ್ದೂ ಇದೆ. ಪಕ್ಕದವನು ಎಷ್ಟು ಹಾಕುತ್ತಾನೆ ಅಂತ ಕೇಳಿ ಅದನ್ನೇ ಹಾಕಬೇಡಿ.

ಇಲ್ಲಿ ತುಂಬ ಜನ ಲೆಕ್ಕ ತಪ್ಪುವ ಜಾಗ ಒಂದಿದೆ. ನೂರು ರೂಪಾಯಿ ಸಾಮಾನಿಗೆ ಹತ್ತು ಸೇರಿಸಿ 110 ಹೇಳುತ್ತೀರಿ. ಗಿರಾಕಿ ಚೌಕಾಸಿ ಮಾಡುತ್ತಾರೆ, "ಟೋಟಲ್ ಮೇಲೆ ಹತ್ತು ಪರ್ಸೆಂಟ್ ಬಿಡಿ." ಸೇರಿಸಿದ್ದೇ ಹತ್ತು, ಬಿಟ್ಟಿದ್ದೂ ಹತ್ತು, ಸಮ ಆಯ್ತು ಅಂತ ಒಪ್ಪಿಕೊಳ್ಳುತ್ತೀರಿ. ಆದರೆ 110ರಲ್ಲಿ ಹತ್ತು ಪರ್ಸೆಂಟ್ ಅಂದರೆ 11. ಕೈಗೆ ಬಂದಿದ್ದು 99. ಅಸಲಿಗೇ ಒಂದು ರೂಪಾಯಿ ಕಡಿಮೆ. ಹಾಗೇ, ಒಟ್ಟು ಬಿಲ್ಲಿನಲ್ಲಿ ನೂರಕ್ಕೆ 20 ಉಳಿಯಬೇಕು ಅಂದರೆ ಖರೀದಿ ಮೇಲೆ 25 ಸೇರಿಸಬೇಕು. ಬಿಡುವುದಿದ್ದರೆ ಕೂಲಿಯಲ್ಲಿ ಇಷ್ಟು ರೂಪಾಯಿ ಅಂತ ಬಿಡಿ. ಪರ್ಸೆಂಟ್‌ನಲ್ಲಿ ಯಾವತ್ತೂ ಬಿಡಬೇಡಿ.

ಇನ್ನು ಎಲ್ಲ ಸಾಮಾನಿಗೂ ಒಂದೇ ಪರ್ಸೆಂಟ್ ಹಾಕಬೇಡಿ. ಫ್ಯಾನು, ಗೀಸರ್, ಇನ್ವರ್ಟರ್ ಇವುಗಳ ರೇಟನ್ನು ಗಿರಾಕಿ ನಿಮ್ಮ ಎದುರೇ ಮೊಬೈಲಿನಲ್ಲಿ ನೋಡುತ್ತಾರೆ. ಅಂಥದ್ದಕ್ಕೆ ಹದಿನೈದು ಹಾಕಿದರೆ ಮಾತು ಕೆಡುತ್ತದೆ. ಹಾಕುವ ಅಗತ್ಯವೂ ಇಲ್ಲ. ಒಂದು ಗೀಸರ್ ತರುವ ಶ್ರಮಕ್ಕೂ ಒಂದು ಚೀಲ ಸಣ್ಣ ಸಾಮಾನು ಆರಿಸಿ ತರುವ ಶ್ರಮಕ್ಕೂ ಹೋಲಿಸಿ ನೋಡಿ. ಗೀಸರ್‌ಗೆ ಒಂದೇ ಬಿಲ್, ಒಂದೇ ಡಬ್ಬ, ಕಂಪನಿಯದೇ ಗ್ಯಾರಂಟಿ. ನಾನು ಅದಕ್ಕೆ ತಂದುಕೊಡುವ ಖರ್ಚು ಅಂತ 200–300 ಮಾತ್ರ ತೆಗೆದುಕೊಳ್ಳುತ್ತೇನೆ, ಅದೂ ಹೇಳಿ. ವೈರು, ಪೈಪು, ಸ್ವಿಚ್ಚು, ಎಂಸಿಬಿಗೆ 12ರಿಂದ 15. ಸಣ್ಣಪುಟ್ಟ ಸಾಮಾನಿಗೆ 25ರವರೆಗೂ ಹಾಕುತ್ತೇನೆ. ಹತ್ತು ರೂಪಾಯಿ ಸ್ಯಾಡಲ್ ಇಲ್ಲ ಅಂತ ಕೆಲಸ ನಿಲ್ಲಿಸಿ ಬಜಾರಿಗೆ ಓಡಿದವರಿಗೆ ಅದು ಯಾಕೆ ಅಂತ ಗೊತ್ತಿರುತ್ತದೆ.

ಒಂದು ಗೆರೆ ಮಾತ್ರ ದಾಟಬಾರದು. ಎಂಆರ್‌ಪಿ. ಪ್ಯಾಕ್ ಆಗಿ ಬಂದ ಯಾವ ವಸ್ತುವನ್ನೂ ಅದರ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮ ಅಂಗಡಿಯವರಿಗೆ ಮಾತ್ರ ಅಲ್ಲ, ಮಾರುವ ಯಾರಿಗಾದರೂ ಅನ್ವಯಿಸುತ್ತದೆ. ನಿಮ್ಮ ಜಾಗ ಇರುವುದು ನಿಮಗೆ ಸಿಗುವ ರೇಟಿಗೂ ಎಂಆರ್‌ಪಿಗೂ ನಡುವೆ. ವೈರಿನಲ್ಲಿ ಈ ಜಾಗ ದೊಡ್ಡದು, ಎಂಆರ್‌ಪಿ ಮೇಲೆ ಅಂಗಡಿಯಲ್ಲೇ ಒಳ್ಳೆಯ ಲೆಸ್ ಸಿಗುತ್ತದೆ. ಕೆಲವು ಸಾಮಾನಿನಲ್ಲಿ ಜಾಗವೇ ಇರುವುದಿಲ್ಲ. ಅಂಥ ಕಡೆ ನಿಮ್ಮ ಖರ್ಚನ್ನು ಓಡಾಟ ಅಂತ ಬೇರೆ ಸಾಲಿನಲ್ಲಿ ಬರೆಯಿರಿ, ವಸ್ತುವಿನ ಬೆಲೆಯೊಳಗೆ ತುರುಕಬೇಡಿ. ತಾಮ್ರದ ರೇಟು ಏರಿಳಿದ ಹಾಗೆ ವೈರಿನ ರೇಟೂ ಏರಿಳಿಯುತ್ತದೆ. ಹಾಗಾಗಿ ಅಂದಾಜು ಪಟ್ಟಿ ಕೊಡುವಾಗ "ಈ ರೇಟು 10 ದಿನಕ್ಕೆ ಮಾತ್ರ" ಅಂತ ಕೆಳಗೆ ಬರೆಯುವುದನ್ನು ಮರೆಯಬೇಡಿ.

ಈಗ ಕಮಿಷನ್ ವಿಷಯ. ನನಗೆ ಇದೇ ಹೆಚ್ಚು ಮುಖ್ಯ ಅನಿಸುತ್ತದೆ.

ನಮ್ಮ ಕಡೆ ನಡೆಯುವುದು ಹೀಗೆ. ಗಿರಾಕಿ ಹುಷಾರಾಗಿ ತಾವೇ ಅಂಗಡಿಗೆ ಬರುತ್ತಾರೆ, ತಾವೇ ದುಡ್ಡು ಕೊಡುತ್ತಾರೆ. ಎಲೆಕ್ಟ್ರಿಷಿಯನ್ ಜೊತೆಗೆ ನಿಂತು ಪಟ್ಟಿ ಓದುತ್ತಾನೆ. ಸಂಜೆ ಅವನು ಒಬ್ಬನೇ ಬಂದು ಕಮಿಷನ್ ತೆಗೆದುಕೊಂಡು ಹೋಗುತ್ತಾನೆ. ಪೇಂಟರ್‌ಗಳಿಗೆ ಬಕೆಟ್ ಒಳಗೇ ಟೋಕನ್ ಇರುತ್ತದೆ. ನಮಗೆ ಡಬ್ಬದ ಮೇಲಿನ ಕೋಡ್ ಸ್ಕ್ಯಾನ್ ಮಾಡಿದರೆ ಪಾಯಿಂಟ್ ಬರುತ್ತದೆ. ಕಂಪನಿಯ ಟೋಕನ್, ಪಾಯಿಂಟ್ ಬಗ್ಗೆ ನನಗೆ ತಕರಾರಿಲ್ಲ. ಬ್ರ್ಯಾಂಡನ್ನು ಗಿರಾಕಿ ಆರಿಸಿದ್ದರೆ, ರೇಟಿನಲ್ಲಿ ಅದರಿಂದ ಬದಲಾವಣೆ ಇಲ್ಲದಿದ್ದರೆ ಇಟ್ಟುಕೊಳ್ಳಿ. ಕೇಳಿದರೆ ಹೌದು ಸಿಗುತ್ತದೆ ಅಂತ ಹೇಳಿ. ಅಂಗಡಿ ಕಮಿಷನ್ ಹಾಗಲ್ಲ. ಅದು ಗಿರಾಕಿಯ ಬಿಲ್ಲಿನಿಂದಲೇ ಬರುತ್ತದೆ.

ನನಗೆ ಇದು ಅರ್ಥವಾಗಿದ್ದು ನಮ್ಮ ಅಕ್ಕನ ಮನೆ ಕೆಲಸದಲ್ಲಿ. ನಾನು ಊರಲ್ಲಿರಲಿಲ್ಲ. ಸ್ವಿಚ್ಚು, ಬೋರ್ಡು ತರಲು ಭಾವ ತಾವೇ ಹೋದರು, ನಾನು ವರ್ಷಗಟ್ಟಲೆ ಹೋಗುತ್ತಿದ್ದ ಅಂಗಡಿಗೇ. ಬಿಲ್ ನೋಡಿದೆ. ನನಗೆ ಬರೆಯುವ ರೇಟಿಗಿಂತ ಒಂದೊಂದು ಸ್ವಿಚ್ಚಿಗೂ ಜಾಸ್ತಿ. ಅಂಗಡಿಯವರನ್ನು ಕೇಳಿದರೆ, "ನಿಮ್ಮ ಪಾಲು ಎತ್ತಿಟ್ಟಿದ್ದೀನಿ, ಬಂದಾಗ ತಗೊಳ್ಳಿ" ಅಂದರು. ನಮ್ಮ ಅಕ್ಕನ ದುಡ್ಡನ್ನೇ ತೆಗೆದು ನನಗೆ ಕೊಡುವ ಲೆಕ್ಕ ಅದು. ಅವತ್ತೇ ಹೇಳಿದೆ: ನನಗೆ ಕಮಿಷನ್ ಕವರ್ ಬೇಡ, ಬಿಲ್ಲಿನಲ್ಲೇ ಅಷ್ಟು ಕಡಿಮೆ ಮಾಡಿ ಬರೆಯಿರಿ. ಒಪ್ಪಲಿಲ್ಲ. ಅಂಗಡಿ ಬದಲಿಸಿದೆ. ಈಗ ಹೋಗುವ ಕಡೆ ಗಿರಾಕಿ ಬಂದರೂ ನಾನು ಬಂದರೂ ಒಂದೇ ರೇಟು ಬರೆಯುತ್ತಾರೆ. ನೀವೂ ಇದನ್ನೇ ಕೇಳಿ. ತಿಂಗಳಿಗೆ ನಿಮ್ಮಿಂದ ಒಳ್ಳೆಯ ವ್ಯಾಪಾರ ಹೋಗುತ್ತಿದ್ದರೆ ಒಪ್ಪುವ ಅಂಗಡಿ ಸಿಕ್ಕೇ ಸಿಗುತ್ತದೆ. ದೊಡ್ಡ ಕೆಲಸ ಇದ್ದಾಗ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಹೋಲ್‌ಸೇಲ್ ರೇಟನ್ನೂ ವಿಚಾರಿಸಿಕೊಳ್ಳಿ. ತರದಿದ್ದರೂ ಚಿಂತೆಯಿಲ್ಲ, ಊರಿನ ಅಂಗಡಿಯಲ್ಲಿ ಮಾತಾಡಲು ಒಂದು ಆಧಾರ ಸಿಗುತ್ತದೆ.

ಹಣ ಸೇರಿಸುವುದೂ ಇರಲಿ, ಕಮಿಷನ್ನೂ ಇರಲಿ ಅಂತ ಎರಡು ಕೈಯಲ್ಲೂ ತೆಗೆದುಕೊಳ್ಳುವವರಿದ್ದಾರೆ. ಅದು ಮಾಡಬೇಡಿ. ಒಂದೇ ಓಡಾಟಕ್ಕೆ ಎರಡು ಸಲ ಕೂಲಿ ತೆಗೆದುಕೊಂಡ ಹಾಗೆ ಅಲ್ವಾ?

ಹಾಗಾದರೆ ಗಿರಾಕಿಗೆ ಹೇಳುವುದು ಹೇಗೆ? ಬಾಯಲ್ಲಿ ಹೇಳಲು ನನಗೆ ಮೊದಮೊದಲು ತುಂಬ ಮುಜುಗರ ಆಗುತ್ತಿತ್ತು. ಅದಕ್ಕೆ ಅಂದಾಜು ಪಟ್ಟಿಯ ಕೆಳಗೆ ನಾಲ್ಕು ಸಾಲು ಬರೆಯಲು ಶುರು ಮಾಡಿದೆ. ಈಗಲೂ ಅದೇ ಸಾಲು:

"ಫ್ಯಾನು, ಗೀಸರ್, ಇನ್ವರ್ಟರ್ ಬಿಟ್ಟು ಉಳಿದ ಸಾಮಾನು ನಾನೇ ತಂದರೆ ಅಂಗಡಿ ಬಿಲ್ಲಿನ ಮೇಲೆ ಒಟ್ಟಾರೆ ನೂರಕ್ಕೆ 15 ಸೇರಿಸುತ್ತೇನೆ. ಅಂಗಡಿ ಬಿಲ್ ನಿಮಗೆ ಕೊಡುತ್ತೇನೆ. ತರುವ ಖರ್ಚು, ಉಳಿದಿದ್ದನ್ನು ವಾಪಸ್ ಕೊಡುವುದು, ಒಂದು ವರ್ಷದೊಳಗೆ ಕೆಟ್ಟರೆ ಬದಲಿಸಿ ಹಾಕುವ ಕೂಲಿ ಎಲ್ಲ ಅದರಲ್ಲೇ ಸೇರಿದೆ. ನೀವೇ ತಂದರೆ ಈ 15 ಇಲ್ಲ, ಆಗ ಸಾಮಾನಿನ ಜವಾಬ್ದಾರಿ ನಿಮ್ಮದು, ಕೆಲಸದ ಜವಾಬ್ದಾರಿ ನನ್ನದು."

ಇದನ್ನು ಓದಿ ಜಗಳ ಮಾಡಿದವರು ಇಲ್ಲ ಅಂತಲ್ಲ. ರವೀಂದ್ರ ನಗರದ ಒಬ್ಬ ಅಮ್ಮ, "ಹದಿನೈದು ಯಾಕೆ ಮಾರಾಯ, ಹತ್ತು ಮಾಡು" ಅಂದರು. ಅವರ ಮನೆಯಿಂದ ಅಂಗಡಿ ಹತ್ತಿರ, ಸಾಮಾನಿಗೆ ದುಡ್ಡೂ ಮೊದಲೇ ಕೊಡುತ್ತೇನೆ ಅಂದರು. ದುಡ್ಡು ಮೊದಲೇ ಬಂದರೆ ನನಗೆ ಬಡ್ಡಿಯ ಖರ್ಚು ಇಲ್ಲ, ಆಟೋ ಖರ್ಚೂ ಕಡಿಮೆ. ಹತ್ತಕ್ಕೆ ಒಪ್ಪಿದೆ. ಲೆಕ್ಕ ಕೈಯಲ್ಲಿದ್ದರೆ ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಅಂತ ನಿಮಗೇ ಗೊತ್ತಾಗುತ್ತದೆ.

ಕೆಲವರು "ನಾನೇ ತರುತ್ತೇನೆ" ಅನ್ನುತ್ತಾರೆ. ಖುಷಿಯಿಂದ ಒಪ್ಪಿಕೊಳ್ಳಿ. ಆದರೆ ಮೂರು ಕೆಲಸ ಮಾಡಿ. ಪಟ್ಟಿಯನ್ನು ಪೂರ್ತಿ ವಿವರ ಸಮೇತ ಬರೆದುಕೊಡಿ: ಎಷ್ಟು ಎಂಎಂ, ಯಾವ ಬಣ್ಣ, ಎಷ್ಟು ಆಂಪ್ಸ್, ವೈರಿನ ಮೇಲೆ ಐಎಸ್ 694 (ವೈರಿನ ಗುಣಮಟ್ಟದ ಭಾರತೀಯ ಮಾನಕ) ಗುರುತು ಇರಬೇಕು ಅಂತ. ಗೋಡೆ ಕೊರೆಯುವ ಮೊದಲು ತಂದ ಸಾಮಾನು ಎಲ್ಲ ಬಿಚ್ಚಿ ನೋಡಿ. ಸಾಮಾನು ಸಾಲದೆ ಕೆಲಸ ನಿಂತರೆ ಆ ದಿನದ ಕೂಲಿ ಕೊಡಬೇಕು ಅಂತ ಮೊದಲೇ ಹೇಳಿ. ವಿನೋಬನಗರದಲ್ಲಿ ಒಬ್ಬರು ಉಳಿತಾಯ ಆಗಲಿ ಅಂತ ಗೀಸರ್ ಲೈನಿಗೆ ಒಂದು ಎಂಎಂ ವೈರ್ ತಂದಿಟ್ಟಿದ್ದರು. 2,000 ವ್ಯಾಟ್ ಗೀಸರ್ ಸುಮಾರು 9 ಆಂಪ್ಸ್ ಎಳೆಯುತ್ತದೆ. ಅದಕ್ಕೆ ಎರಡೂವರೆ ಎಂಎಂ ಹಾಕಬೇಕು. "ಸಾರ್, ಇದನ್ನು ನಾನು ಎಳೆಯಲ್ಲ" ಅಂದೆ. ಬೇಜಾರು ಮಾಡಿಕೊಂಡರು. ನಾನೇ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಬದಲಿಸಿಕೊಂಡು ಬಂದೆ. ಅರ್ಧ ದಿನ ಹೋಯಿತು, ಅದರ ಕೂಲಿ ಬರೆದೆ, ಕೊಟ್ಟರು. ಬಚ್ಚಲುಮನೆಯ ವಿಷಯದಲ್ಲಿ ಮಾತ್ರ ನಾನು ಯಾರಿಗೂ ಬಗ್ಗುವುದಿಲ್ಲ. ಕರೆಂಟ್ ಸೋರಿದರೆ ತಾನೇ ಆಫ್ ಮಾಡುವ 30 ಮಿಲಿ ಆಂಪ್ಸ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಇಲ್ಲದೆ ಗೀಸರ್ ಕನೆಕ್ಷನ್ ಕೊಡುವುದಿಲ್ಲ. ಸಾಮಾನು ಯಾರದೇ ಇರಲಿ, ನಾಳೆ ಆ ನಲ್ಲಿ ಮುಟ್ಟುವುದು ಅವರ ಮನೆ ಮಕ್ಕಳು.

ಸಾಮಾನಿನ ಮೇಲೆ ಒಂದು ರೂಪಾಯಿಯೂ ಬೇಡ, ಕೂಲಿಯನ್ನೇ ಜಾಸ್ತಿ ಮಾಡುತ್ತೇನೆ ಅನ್ನುವವರೂ ಇದ್ದಾರೆ. ನನಗೆ ಕೆಲಸ ಕಲಿಸಿದವರು ಹಾಗೇ ಮಾಡುತ್ತಿದ್ದರು. ಪಾಯಿಂಟ್ ಲೆಕ್ಕದಲ್ಲಿ (ಒಂದೊಂದು ಲೈಟು, ಫ್ಯಾನು, ಸಾಕೆಟ್ಟಿನ ಜಾಗಕ್ಕೆ ಇಷ್ಟು ಕೂಲಿ ಅಂತ) ಊರಿಗೇ ದುಬಾರಿ, ಆದರೆ ಸಾಮಾನು ಬಿಲ್ ಹೇಗಿದೆಯೋ ಹಾಗೆ. ಅವರ ಹೆಸರಿಗೆ ಅದು ನಡೆಯುತ್ತಿತ್ತು. ಹೊಸಬರಿಗೆ ಕಷ್ಟ. ಗಿರಾಕಿ ಪಾಯಿಂಟಿಗೆ ಎಷ್ಟು ಅಂತ ಮೂರು ಜನರನ್ನು ಕೇಳಿ ಹೋಲಿಸುತ್ತಾರೆ, ನಿಮ್ಮ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ನಿಮಗೆ ಖಾಯಂ ಗಿರಾಕಿಗಳು ಇದ್ದರೆ ಆ ದಾರಿಯೂ ಒಳ್ಳೆಯದೇ.

ತೆರಿಗೆ ವಿಷಯ ಒಂದಿಷ್ಟು. ಜಿಎಸ್‌ಟಿ ರಿಜಿಸ್ಟ್ರೇಷನ್ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಅಂತ ಸಾಲು ಬರೆಯಬಾರದು, ಗಿರಾಕಿಯಿಂದ ಅದನ್ನು ತೆಗೆದುಕೊಳ್ಳಲೂಬಾರದು. ಅಂಗಡಿಯಲ್ಲಿ ನೀವು ಕೊಟ್ಟ ತೆರಿಗೆ ನಿಮ್ಮ ಖರೀದಿ ಬೆಲೆಯ ಒಳಗೇ ಇದೆ. ಇನ್ನೊಂದು ವಿಷಯ ತುಂಬ ಜನ ಗಮನಿಸುವುದಿಲ್ಲ. ಕೆಲಸ, ಸಾಮಾನು ಎರಡೂ ಸೇರಿಸಿ ಕೊಡುವವರಿಗೆ ವರ್ಷಕ್ಕೆ 20 ಲಕ್ಷ ದಾಟಿದರೆ ರಿಜಿಸ್ಟ್ರೇಷನ್ ಬೇಕು. ಆ 20 ಲಕ್ಷಕ್ಕೆ ನಿಮ್ಮ ಕೂಲಿ ಮಾತ್ರ ಅಲ್ಲ, ನೀವು ಬಿಲ್ ಹಾಕಿದ ಸಾಮಾನೂ ಸೇರುತ್ತದೆ. ಕೂಲಿ 8 ಲಕ್ಷ, ಸಾಮಾನು 14 ಲಕ್ಷ ಅಂದರೆ 22 ಆಯಿತು. ಅದಕ್ಕೆ ದೊಡ್ಡ ಮನೆಯ ವೈರಿಂಗ್ ಬಂದಾಗ ನಾನು ಗಿರಾಕಿಯನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಅವರ ಹೆಸರಿನಲ್ಲೇ ಬಿಲ್ ಮಾಡಿಸುತ್ತೇನೆ. ನನ್ನ ಓಡಾಟ, ಆರಿಸಿಕೊಟ್ಟ ಕೆಲಸಕ್ಕೆ ಇಷ್ಟು ಅಂತ ಕೂಲಿಯ ಜೊತೆ ಬರೆಯುತ್ತೇನೆ. ಗಡಿಯ ಹತ್ತಿರ ಇದ್ದೀರಿ ಅನಿಸಿದರೆ ಲೆಕ್ಕಪತ್ರ ನೋಡುವವರನ್ನು ಒಮ್ಮೆ ಕೇಳಿ, ಮಾರ್ಚ್‌ವರೆಗೆ ಕಾಯಬೇಡಿ.

ಕೊನೆಯ ದಿನದ ಕೆಲಸವೂ ಇದರಲ್ಲೇ ಸೇರುತ್ತದೆ. ಚೀಲ ಕಟ್ಟುವ ಮೊದಲು ಉಳಿದ ಸಾಮಾನನ್ನೆಲ್ಲ ಹಾಲ್‌ನಲ್ಲಿ ಒಂದು ಪೇಪರ್ ಹಾಸಿ ಇಡಿ. ಬಿಚ್ಚದ ಡಬ್ಬ ಒಂದು ಕಡೆ. ಅವನ್ನು ಎರಡು ದಿನದಲ್ಲಿ ಅಂಗಡಿಗೆ ವಾಪಸ್ ಕೊಟ್ಟು, ಬಂದ ಹಣವನ್ನೂ ಅದರ ಮೇಲೆ ನೀವು ಸೇರಿಸಿದ ಹಣವನ್ನೂ ಬಿಲ್ಲಿನಿಂದ ಕಳೆಯಿರಿ. ಕತ್ತರಿಸಿದ ಪೈಪು, ಉಳಿದ ವೈರು ಇನ್ನೊಂದು ಕಡೆ. ಒಂದು ಕಾಯಿಲ್ ಅಂದರೆ 90 ಮೀಟರ್. 71 ಮೀಟರ್ ಎಳೆದಿದ್ದೀರಿ, ಪೂರ್ತಿ ಕಾಯಿಲ್‌ಗೆ ಬಿಲ್ ಹಾಕಿದ್ದೀರಿ ಅಂದರೆ ಉಳಿದ 19 ಮೀಟರ್ ಅವರದು. ಮುಂದಿನ ಮನೆಗೆ ಉಪಯೋಗಕ್ಕೆ ಬರುತ್ತದೆ ಅಂತ ಚೀಲಕ್ಕೆ ಹಾಕಿಕೊಳ್ಳಬೇಡಿ. ಸುತ್ತಿ ಕಟ್ಟಿ, ಟೇಪಿನ ಮೇಲೆ "ಎರಡೂವರೆ ಎಂಎಂ, 19 ಮೀಟರ್" ಅಂತ ಬರೆದು, ಮನೆಯವರಿಗೆ ತೋರಿಸಿ, ಅಟ್ಟದ ಮೇಲೆ ಇಟ್ಟು ಬನ್ನಿ. ಅಂಗಡಿ ಬಿಲ್ಲುಗಳನ್ನು ಎಂಸಿಬಿ ಬಾಕ್ಸಿನ ಬಾಗಿಲ ಒಳಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಂಟಿಸಿ. ಮೂರು ವರ್ಷ ಬಿಟ್ಟು ಯಾವುದೋ ಎಂಸಿಬಿ ಹೋದಾಗ, ಹೊಸದಾಗಿ ಬಂದ ಎಲೆಕ್ಟ್ರಿಷಿಯನ್ ಬಾಗಿಲು ತೆಗೆದ ಕೂಡಲೇ ಯಾವ ಸಾಮಾನು, ಯಾವತ್ತು ತಂದಿದ್ದು, ಗ್ಯಾರಂಟಿ ಇದೆಯಾ ಇಲ್ವಾ ಅನ್ನುವುದು ಅಲ್ಲೇ ಸಿಗುತ್ತದೆ.